ಅಟ್ಟೆ ಅಂಟಿಸುವ ಖೋಲಿ

ಬೆಳಗ್ಗೆ ಹತ್ತೂ ಇಪ್ಪತ್ತು. ಜಕ್ಕಪ್ಪನಿಗೆ ರಕ್ತದ ಕ್ಯಾನ್ಸರ್ ಎಂದು ಮಿರಜದ ಡಾಕ್ಟರು ಹೇಳಿ ಅಂದಿಗೆ ಇಪ್ಪತ್ತಾರು ದಿನ. ಅಥಣಿಯ ಮನೆಯಲ್ಲಿ ಅವನ ತಾಯಿ ತಾರವ್ವ, ಚಪ್ಪಲಿಗೆ ಅಟ್ಟೆ ಅಂಟಿಸುವ ಖೋಲಿಯ ಕಿಟಕಿ ಮುಚ್ಚಿ, ಕಿರಿಯ ಮಗ ಸಂಗ್ರಾಮನನ್ನು ಅಣ್ಣನ ಮಣೆಯ ಮೇಲೆ ಕೂರಿಸಿದಳು.

ಗಂಡ ಜಕ್ಕಪ್ಪನಿದ್ದ ಆಸ್ಪತ್ರೆಯಿಂದ ಆಗಷ್ಟೇ ಬಂದ ಸೊಸೆ ರೂಪಾಲಿಗೆ ಬಾಗಿಲಲ್ಲೇ ಅಂಟಿನ ಸೊಲ್ಯೂಶನ್ನಿನ ಘಾಟು ಬಡಿಯಿತು.

“ಸಂಗ್ರಾಮ, ಹೊರಗ ಬಾ.”

“ಬಂದ್ರು ನೋಡವ್ವಾ ಸಾಹೇಬ್ರು! ಹಾಜರಿ ಹಾಕ್ಲೇನ್ರಿ ವೈನಿ?” ಸಂಗ್ರಾಮ ನಕ್ಕ.

ತಾರವ್ವ ನಗಲಿಲ್ಲ. “ಅಂವ ಏಳಂಗಿಲ್ಲ. ಶುಕ್ರವಾರ ಕೊಲ್ಲಾಪುರಕ್ಕ ಮಾಲು ಹೋಗಬೇಕು. ನೀ ಈ ಮನಿಗಿ ಕಾಲಿಟ್ಟಿ, ನನ್ನ ಮಗ ಹಾಸಿಗಿ ಹಿಡದ! ಯಾವ ಘಳಿಗ್ಯಾಗ ಬಂದಿ ಬೇ ನೀ... ಇನ್ನ ಇವನ ಕೆಲಸಕ್ಕೂ ಅಡ್ಡ ಬರ್ತೀಯೇನು?”

ಇಪ್ಪತ್ತಾರು ದಿನ ಈ ಮಾತನ್ನು ರೂಪಾಲಿ ನುಂಗಿದ್ದಳು. ಅಂದು ನುಂಗಲಿಲ್ಲ.

“ನಾ ಬಂದು ಎರಡು ವರ್ಷ ಆತ್ರಿ ಅತ್ತಿ. ಅವರು ಈ ಖೋಲ್ಯಾಗ ಕುಂತು ಹದಿನಾರು ವರ್ಷ. ಹೇಳೂದಾದ್ರ ಎರಡೂ ಹೇಳೂಣು.”

ಅವಳ ಚೀಲದಲ್ಲಿ ಎರಡು ಕಾಗದಗಳಿದ್ದವು. ಒಂದು, ಹೆಸರಿನ ಚೀಟಿಯೂ ಇಲ್ಲದ ಸೊಲ್ಯೂಶನ್ ಡಬ್ಬವನ್ನು ಅವಳೇ ಕೊಟ್ಟು ಮಾಡಿಸಿದ ಪರೀಕ್ಷೆಯ ವರದಿ. ಆ ಅಂಟಿನಲ್ಲಿ ಬೆಂಜೀನ್ ಎಂಬ ರಾಸಾಯನಿಕ ಇತ್ತು. ಇನ್ನೊಂದು, ಡಾಕ್ಟರು ಹೇಳಿದ್ದನ್ನು ಒಂದು ಪದವೂ ಕೂಡಿಸದೆ ಅವಳೇ ಬರೆದುಕೊಂಡಿದ್ದು. ಅವಳು ಅದನ್ನು ಗಟ್ಟಿಯಾಗಿ ಓದಿದಳು. ಬೆಂಜೀನನ್ನು ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚು ಎಂಬುದು, ಸಾವಿರಾರು ಜನರನ್ನು ದಶಕಗಳ ಕಾಲ ಗಮನಿಸಿ ಖಚಿತವಾದ ಸಂಗತಿ. ಅದನ್ನು ಎಂದೂ ಮೂಸದವರಿಗೂ ಈ ರೋಗ ಬರುತ್ತದೆ. ಜಕ್ಕಪ್ಪನಿಗೆ ಇದರಿಂದಲೇ ಬಂತೆಂದು ಆಣೆ ಇಟ್ಟು ಹೇಳಲಾಗದು. ಆದರೆ ಮುಚ್ಚಿದ ಖೋಲಿ, ಹದಿನಾರು ವರ್ಷ... ಅನುಮಾನ ಬಲವಾಗಿದೆ.

ಸಂಗ್ರಾಮನ ಕೈಯ ಬ್ರಷ್ಷು ಅಲ್ಲೇ ನಿಂತಿತು. ತಾರವ್ವ ಕಿಟಕಿಯತ್ತ ನೋಡಿದಳು. ಕಬ್ಬಿನ ಟ್ರ್ಯಾಕ್ಟರುಗಳ ಧೂಳು ಹಸಿ ಅಂಟಿನ ಮೇಲೆ ಕೂತರೆ ಅಟ್ಟೆ ಬಿಡುತ್ತದೆಂದು ಆ ಕಿಟಕಿಯನ್ನು ಮುಚ್ಚಿಸಿದವಳು ಅವಳೇ. ಬೇಸಿಗೆಯಲ್ಲಿ ಬೆವರಿ ತೊಯ್ದ ಮಗ “ಯವ್ವಾ, ಒಂಚೂರು ತಗೀಲೇನ?” ಎಂದರೂ ಬಿಟ್ಟವಳಲ್ಲ. ತಾರವ್ವನ ಮನೆಯ ಅಟ್ಟೆ ಬಿಟ್ಟಿದ್ದಿಲ್ಲ ಎಂದು ಪೇಟೆಯೇ ಹೇಳುತ್ತಿತ್ತು. ಅದು ಅವಳ ಹೆಮ್ಮೆಯಾಗಿತ್ತು!

“ಹಂಗಾರ... ನಾನ! ನನ್ನ ಕೈಲೆ ನನ್ನ ಮಗನ್ನ... ಅಯ್ಯೋ, ಹೇಳ ಬೇ ರೂಪಾಲಿ! ನಾನ ಮಾಡಿದ್ನೇನ?”

ಹೌದು ಎನ್ನಲು ಒಂದೇ ಮಾತು ಸಾಕಿತ್ತು. ಅಷ್ಟು ದಿನದ ಬೈಗುಳಕ್ಕೆಲ್ಲ ಅದೇ ಉತ್ತರವಾಗುತ್ತಿತ್ತು. ಆ ಮಾತು ರೂಪಾಲಿಯ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅದು ಕಾಗದದಲ್ಲಿ ಇರಲಿಲ್ಲ.

ಅವಳು ಅತ್ತೆಯ ಎದುರು ಕುಳಿತಳು. “ಹಂಗಂತ ಡಾಕ್ಟರು ಹೇಳಲಿಲ್ರಿ. ನಾನೂ ಹೇಳೂದಿಲ್ಲ. ಡಬ್ಬದಾಗ ಏನೈತಿ ಅಂತ ನಿಮಗ ಯಾರು ಹೇಳಿದ್ರು? ಯಾರದರ ಮ್ಯಾಲೆ ತಪ್ಪು ಹೊರಸಾಕ ಇಷ್ಟು ಪುರಾವೆ ಸಾಲೂದಿಲ್ರಿ ಅತ್ತಿ. ಆದ್ರ ಇವನ್ನ ಇಲ್ಲಿಂದ ಎಬ್ಬಸಾಕ ಇಷ್ಟ ಸಾಕು.”

ತಾರವ್ವ ಸೊಸೆಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. “ನಿನ್ನ ಕಾಲ್ಗುಣ ಅಂದ್ನೆಲ್ಲ ಬೇ... ಅದಕ್ಕ ಯಾವ ಪುರಾವೆ ಇತ್ತು ನನ್ನ ಕಡೆ!”

“ಇರಲಿಲ್ರಿ,” ಎಂದಳು ರೂಪಾಲಿ, ಅತ್ತೆಯ ಬೆನ್ನು ಸವರುತ್ತಾ. “ಅದನ್ನ ಇವತ್ತ ಬಿಡ್ರಿ.”

“ಮತ್ತ ಶುಕ್ರವಾರದ ಮಾಲು?” ಎಂದ ಸಂಗ್ರಾಮ, ಮೆಲ್ಲಗೆ.

ತಾರವ್ವ ಕಣ್ಣೊರೆಸಿಕೊಂಡು ಎದ್ದಳು. ಮೇಲಿನ ಗೂಡಿನಿಂದ ಗಂಡನ ಕಾಲದ, ತೊಗಲು ಚುಚ್ಚಿ ಹೊಲಿಯುವ ಆರಿ, ತೊಗಲಿನ ದಾರ ಇಳಿಸಿದಳು. “ನಿಮ್ಮಪ್ಪ ಅಂಟು ಕಂಡಿದ್ದಿಲ್ಲ. ಹೊಲೀತಿದ್ದ. ಹೊರಗ ಪಡಸಾಲ್ಯಾಗ ಕುಂದ್ರೂಣು, ಬಾ.”

ಆ ಶುಕ್ರವಾರ ಕೊಲ್ಲಾಪುರಕ್ಕೆ ಅರವತ್ತರ ಬದಲು ಕೈಯಲ್ಲಿ ಹೊಲಿದ ಇಪ್ಪತ್ತೆರಡು ಜೋಡಿ ಹೋದವು. ಸೋಮವಾರ, ರೂಪಾಲಿ ಮಾಡಿಸಿದ್ದ ಸಂಗ್ರಾಮನ ರಕ್ತಪರೀಕ್ಷೆಯ ವರದಿ ಬಂತು, ಎಲ್ಲ ಸರಿಯಾಗಿತ್ತು. ಅದೇ ದಿನ ಜಕ್ಕಪ್ಪನಿಗೆ ಎರಡನೇ ಸುತ್ತಿನ ಔಷಧ ಶುರುವಾಯಿತು.