ಸಭೆಯಲ್ಲಿ ಹೇಳಿದ ಒಪ್ಪಿಗೆ

"ಬ್ಯಾಂಕಿನ ಕೆಲಸಕ್ಕೆ ಬಂದಲ್ಲಿ ನಾನು ಏನೂ ತಕೊಳ್ಳೂದಿಲ್ಲ."

ಪೂರ್ಣಿಮಾ ಹಾಗೆಂದಾಗ ಮಾಜಾಳಿಯ ದಂಡೆಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು. ದೋಣಿ ಬಂದ ಹೊತ್ತಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಆ ಕರಾವಳಿಯಲ್ಲಿ ಯಾರೂ ಮಾಡದ ಕೆಲಸ. ರವಿಕಿರಣ ಎತ್ತಿ ಹಿಡಿದಿದ್ದ ಇಸ್ವಾಣ ಮೀನು ಅವನ ಕೈಯಲ್ಲೇ ಉಳಿಯಿತು.

ಅವನ ಮುಖ ಕೆಂಪೇರಿತು. "ನೀವೂ ಕೇಣಿಯ ಮೀನುಗಾರರ ಮನೆಯವರೇ ಅಲ್ದಾ?"

"ಹೌದು. ಆದ್ರೆ ನನ್ನ ವರದಿ ಓದುವವ್ರಿಗೆ ಮೀನಿನ ವಾಸ್ನೆ ಬರಬಾರ್ದು."

ಅವಳು ಬಂದದ್ದು ಅವನು ಕಟ್ಟಬೇಕೆಂದಿದ್ದ ಮಂಜುಗಡ್ಡೆ ಕಾರ್ಖಾನೆಯ ಜಾಗ ನೋಡಲು. ಕಾರವಾರದ ಕಾಳಿತೀರ ಸಹಕಾರಿ ಬ್ಯಾಂಕಿನ ಸಾಲ ವಿಭಾಗದ ಅಧಿಕಾರಿ ಅವಳು. ಅವನು ಸಿಟ್ಟಾಗುತ್ತಾನೆಂದು ಕಾದಳು. ಅವನು ಒಂದು ಕ್ಷಣ ಅವಳನ್ನೇ ನೋಡಿ, ಜೋರಾಗಿ ನಕ್ಕು, ಮೀನನ್ನು ಬುಟ್ಟಿಗೆ ಹಾಕಿಬಿಟ್ಟ. ಆಮೇಲೆ ಬಿಸಿಲಲ್ಲಿ ಜಾಗವನ್ನೆಲ್ಲ ಸುತ್ತಿಸಿ ತೋರಿಸಿದ, ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪಾಗುವುದನ್ನೂ ಮುಚ್ಚಿಡದೆ ಹೇಳಿದ.

ಸಾಲ ಕೇಳಲು ಬಂದವನು ತನ್ನ ಬಾವಿಯ ದೋಷ ತಾನೇ ಹೇಳುವುದೇ! ಕಾರವಾರಕ್ಕೆ ಮರಳುವ ಬಸ್ಸಿನಲ್ಲಿ ಪೂರ್ಣಿಮಾ ಸುಮ್ಮನೆ ನಗುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ದೂರ ಸರಿದು ಕೂತಳು.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಸೋದರತ್ತೆ ಗೋದಾವರಿ ಮಾಜಾಳಿಯಿಂದ ಸಂಬಂಧ ತಂದಳು. ಹುಡುಗ ಯಾರೆಂದು ಪೂರ್ಣಿಮಾ ಕೇಳಿದರೆ... ಅವನೇ! ಅವಳು ಏನೂ ಹೇಳದೆ ಒಳಗೆ ಹೋದಳು. ಮನೆಯವರು ಅದನ್ನೇ ಒಪ್ಪಿಗೆಯೆಂದು ತಿಳಿದರು. ಸರಿಯಾಗಿಯೇ ತಿಳಿದರು ಅನ್ನಿ. ಆದರೆ ಅವಳ ಬಾಯಿಂದ ಹೌದು ಎಂಬ ಮಾತು ಹುಡುಗನಿಗೆ ಸಿಗಲಿಲ್ಲ.

ಅರ್ಜಿಯನ್ನು ಇನ್ನು ಬೇರೆಯವರು ನೋಡಲಿ ಎಂದು ಅವಳು ಮ್ಯಾನೇಜರರ ಹತ್ತಿರ ಹೇಳುವವಳಿದ್ದಳು. ನಿಶ್ಚಿತಾರ್ಥದ ದಿನ ಗೊತ್ತಾಗಲಿ ಎಂದು ಕಾದಳು. ದಿನವೇ ಗೊತ್ತಾಗಲಿಲ್ಲ. ದೀಪಾವಳಿ ಕಳೆಯಲಿ ಎಂದರು, ತುಳಸಿ ಮದುವೆ ಕಳೆಯಲಿ ಎಂದರು. ಕೊನೆಗೆ ಅವಳೇ ಅತ್ತೆಯನ್ನು ಹಿಡಿದು ಕೂರಿಸಿ ಕೇಳಿದಳು.

"ಆ ಸಾಲ ಒಂದು ಮಂಜೂರಾಗ್ಲಿ ತಂಗಿ," ಎಂದಳು ಗೋದಾವರಿ, ಗುಟ್ಟು ಹೇಳುವವಳಂತೆ. "ನಿಶ್ಚಯ ಆದ್ಮೇಲೆ ಅಂವ ನಿನ್ನ ಅಪ್ಪನ ಅಳಿಯ ಆಗ್ತಾ. ಅಪ್ಪ ಬ್ಯಾಂಕಿನ ಡೈರೆಕ್ಟರು. ಅಳಿಯಂಗೆ ಸಾಲ ಕೊಡೂಕೆ ಬರೂದಿಲ್ಲಂತಲ್ಲ. ಅದ್ಕೇ ಎರಡೂ ಮನೆಯವ್ರು ಮಾತಾಡ್ಕಂಡು ಮುಂದೆ ಹಾಕಿದ್ದು."

"ರವಿಕಿರಣ ಅವರಿಗೂ ಗೊತ್ತಾ?"

"ಗೊತ್ತಿಲ್ದೆ ಇರ್ತದಾ?"

ನಿರ್ದೇಶಕರ ಸಂಬಂಧಿಕರಿಗೆ ಸಾಲ ಕೊಡಕೂಡದೆಂದು ರಿಸರ್ವ್ ಬ್ಯಾಂಕು ಹಿಂದಿನ ವರ್ಷ, ಎರಡು ಸಾವಿರದ ಮೂರರಲ್ಲೇ, ಕಟ್ಟುನಿಟ್ಟಾಗಿ ಹೇಳಿತ್ತು. ಊರವರು ನಂಬಿ ಇಟ್ಟ ಹಣವನ್ನು ಆಡಳಿತ ಮಂಡಳಿಯವರು ತಮ್ಮ ಮನೆಗಳಿಗೆ ಹಂಚಿಕೊಳ್ಳಬಾರದು ಎಂಬ ನಿಯಮವದು. ಅದನ್ನು ದಾಟಲು ಇವರು ಅವಳ ಮದುವೆಯನ್ನೇ ಅಡ್ಡ ಹಿಡಿದಿದ್ದರು. ಬಾವಿಯ ದೋಷ ಹೇಳಿದವನು ಇದನ್ನು ಮಾತ್ರ ಮುಚ್ಚಿಟ್ಟನೇ? ಅವನಿಗೆ ಮೊದಲು ಸಾಲ, ಆಮೇಲೆ ನಾನೇ?

ಮರುದಿನವೇ ಆಡಳಿತ ಮಂಡಳಿಯ ಸಭೆ. ಬಾಯಿ ಮುಚ್ಚಿ ಕೂತರೆ ಸಾಲವೂ ಆಗುತ್ತದೆ, ಮದುವೆಯೂ ಆಗುತ್ತದೆ. ಬಾಯಿ ಬಿಟ್ಟರೆ ಅಪ್ಪನ ಮಾನ ಹೋಗುತ್ತದೆ, ರವಿಕಿರಣನೂ ಹೋಗುತ್ತಾನೆ.

ಅಧ್ಯಕ್ಷ ಗುರುಪ್ರಸಾದರು ಮಂಜುಗಡ್ಡೆ ಕಾರ್ಖಾನೆಯ ಅರ್ಜಿಯನ್ನು ಕೈಗೆತ್ತಿಕೊಂಡರು. ಜಾಗ ಚೆನ್ನಾಗಿದೆ, ಹುಡುಗ ಪ್ರಾಮಾಣಿಕ, ವರದಿಯೂ ಅನುಕೂಲವಾಗಿದೆ ಎಂದು ನಿರ್ದೇಶಕರೆಲ್ಲ ತಲೆಯಾಡಿಸಿದರು. ಮೇಜಿನ ಆ ತುದಿಯಲ್ಲಿ ಅವಳ ಅಪ್ಪ ಮಾಬ್ಲೇಶ್ವರ ಕಣ್ಣೆತ್ತದೆ ಕೂತಿದ್ದ. ತಮ್ಮ ಕೇರಿಯಿಂದ ಆ ಕುರ್ಚಿಯವರೆಗೆ ಬಂದ ಮೊದಲನೆಯವನು ಅವನು. ಅವನು ಆರಿಸಿ ಬಂದ ದಿನ ಕೇಣಿಯಲ್ಲಿ ಪಟಾಕಿ ಹೊಡೆದಿದ್ದರು.

ಪೂರ್ಣಿಮಾ ಎದ್ದು ನಿಂತಳು. ದನಿ ನಡುಗಲಿಲ್ಲ.

"ಈ ಅರ್ಜಿ ಮಂಜೂರು ಮಾಡ್ಲಿಕ್ಕೆ ಬರೂದಿಲ್ಲ, ಸರ್. ಅರ್ಜಿದಾರರು ನಿರ್ದೇಶಕರಾದ ಮಾಬ್ಲೇಶ್ವರ ಅವರ ಅಳಿಯ ಆಗುವವರು. ನಿಶ್ಚಿತಾರ್ಥ ಮುಂದೆ ಹೋದದ್ದು ಇದೇ ಸಾಲಕ್ಕಾಗಿ. ನಾನು ಅವರನ್ನು ಮದುವೆ ಆಗೂದು ಅಂತ ಮನಸ್ಸು ಮಾಡಿದ್ದೇನೆ. ನನ್ನ ವರದಿಯನ್ನೂ ನೀವು ಲೆಕ್ಕಕ್ಕೆ ಹಿಡಿಯಬೇಡಿ."

ಒಬ್ಬ ಹುಡುಗಿ ತನ್ನ ಮನಸ್ಸನ್ನು ಆಡಳಿತ ಮಂಡಳಿಗೆ ತಿಳಿಸಿದ್ದನ್ನು ಆ ಹಿರಿಯರು ಎಲ್ಲಿ ಕೇಳಿರಬೇಕು! ಮಾಬ್ಲೇಶ್ವರ ನಿಧಾನಕ್ಕೆ ಎದ್ದ. ಮಗಳು ಹೇಳಿದ್ದು ಖರೆ, ತಾನೇ ಮೊದಲು ಹೇಳಬೇಕಿತ್ತು ಎಂದಷ್ಟೇ ಹೇಳಿ ಕೋಣೆಯಿಂದ ಹೊರಗೆ ಹೋದ. ಅರ್ಜಿ ವಾಪಸಾಯಿತು.

ಅಪ್ಪ ಮಗಳು ಅಂಕೋಲೆಯಲ್ಲಿ ಬಸ್ಸಿಳಿದರು. ಕೇಣಿಯ ದಾರಿಯಲ್ಲಿ ನಡೆಯುವಾಗ ಮಾಬ್ಲೇಶ್ವರ ತಟ್ಟನೆ ನಿಂತ.

"ನಂಗೆ ನಾಚ್ಕೆ ಆತು ಮಗಾ."

"ಅಪ್ಪಾ, ನಾನು..."

"ನಿನ್ನಿಂದ ಅಲ್ಲ. ನಿನ್ನ ಮದುವೆ ಹಿಂದೆ ಅಡಗಿ ಕೂತ್ನಲ್ಲ, ಅದ್ಕೆ." ಅವನ ಕಣ್ಣು ತುಂಬಿತ್ತು. "ಇಂಥಾ ಮಗಳು ಎಷ್ಟು ಮನೆಯಲ್ಲಿ ಅದಾಳೆ ಹೇಳು."

ಪೂರ್ಣಿಮಾ ದಾರಿಯಲ್ಲೇ ಅತ್ತುಬಿಟ್ಟಳು.

ಇತ್ತ ಮಾಜಾಳಿಗೆ ಅರ್ಧ ಸುದ್ದಿ ಮಾತ್ರ ಹೋಗಿತ್ತು. ಪೂರ್ಣಿಮಾಳೇ ಎದ್ದು ನಿಂತು ಸಾಲ ತಪ್ಪಿಸಿದಳಂತೆ, ಹುಡುಗ ಅವಳಿಗೆ ಬೇಡವಂತೆ ಎಂದು ಜನ ಆಡಿಕೊಂಡರು. ರವಿಕಿರಣನ ಕಡೆಯಿಂದ ಒಂದು ಫೋನೂ ಬರಲಿಲ್ಲ. ಬ್ಯಾಂಕಿನ ಬಾಗಿಲು ಸದ್ದಾದಾಗಲೆಲ್ಲ ಅವಳು ತಲೆಯೆತ್ತುತ್ತಿದ್ದಳು. ಮಾಡಿದ್ದು ತಪ್ಪೆಂದು ಮಾತ್ರ ಒಮ್ಮೆಯೂ ಅನ್ನಿಸಲಿಲ್ಲ.

ವಾರ ಕಳೆದ ಮೇಲೆ ಒಂದು ಸಂಜೆ, ಕಾರವಾರದ ಕೋಡಿಬಾಗದಲ್ಲಿ ಗೆಳತಿಯ ಮನೆಯಿಂದ ಹೊರಬಂದರೆ ಕಾಳಿ ಹೊಳೆಯ ದಂಡೆಯಲ್ಲಿ ಅವನು ನಿಂತಿದ್ದ! ಅವಳು ಅಲ್ಲಿದ್ದಾಳೆಂದು ಬ್ಯಾಂಕಿನಲ್ಲಿ ಕೇಳಿ ತಿಳಿದು ಬಂದಿದ್ದನಂತೆ.

"ನಿನ್ನೆ ನಿಮ್ಮ ಅಪ್ಪ ನಮ್ಮನೆಗೆ ಬಂದಿದ್ರು," ಎಂದ ರವಿಕಿರಣ. "ನಮ್ಮ ಮನೆಯವ್ರನ್ನೆಲ್ಲ ಕೂರಿಸಿ, ಸಭೆಯಲ್ಲಿ ನೀವು ಹೇಳಿದ್ದನ್ನ ಒಂದಕ್ಷರ ಬಿಡದೆ ಹೇಳಿದ್ರು. ಎದೆ ಉಬ್ಬಿಸ್ಕಂಡು ಹೇಳಿದ್ರು."

ನಿಶ್ಚಯ ಮುಂದೆ ಹೋದದ್ದಕ್ಕೆ ಒಳ್ಳೆ ದಿನ ಸಿಗದ್ದೇ ಕಾರಣವೆಂದು ಮನೆಯವರು ಅವನಿಗೆ ಹೇಳಿದ್ದರಂತೆ. ನಿಜ ತಿಳಿದದ್ದು ನಿನ್ನೆಯೇ. ತನ್ನ ಅಪ್ಪನ ಹತ್ತಿರ ಜಗಳವಾಡಿ ಬೆಳಿಗ್ಗೆಯೇ ಬೇರೊಂದು ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟು ಬಂದಿದ್ದ. ಆ ಬ್ಯಾಂಕಿನಲ್ಲಿ ಅವನಿಗೆ ಮಾವನೂ ಇಲ್ಲ, ಹೆಂಡತಿಯಾಗುವವಳೂ ಇಲ್ಲ.

"ಅಲ್ಲಿ ಆಗದಿದ್ರೆ?"

"ಎರಡು ವರ್ಷ ತಡ ಆಗ್ತದೆ. ಆಗ್ಲಿ. ನನ್ನ ಹೆಂಡ್ತಿ ಯಾರ ಎದುರಿಗೂ ತಲೆ ತಗ್ಗಿಸೂದು ಬೇಡ."

ಹೆಂಡ್ತಿ! ಪೂರ್ಣಿಮಾ ಹೊಳೆಯ ಕಡೆ ಮುಖ ತಿರುಗಿಸಿದಳು. ಇಷ್ಟು ದಿನ ಅವನನ್ನು ಅನುಮಾನಿಸಿದ್ದಕ್ಕೆ ಮನಸ್ಸು ಚುಚ್ಚಿತು. ಅದನ್ನೇ ಹೇಳಲು ಹೋದರೆ ಅವನು ಕೈಯೆತ್ತಿ ತಡೆದ. ತಾನೂ ಒಂದು ವಾರ ಅವಳ ಮೇಲೆ ಸಿಟ್ಟು ಮಾಡಿಕೊಂಡೇ ಓಡಾಡಿದ್ದೆನೆಂದು ಒಪ್ಪಿಕೊಂಡ.

"ಒಂದು ಬೇಜಾರು ಮಾತ್ರ ಉಳೀತು," ಎಂದ. "ನಾನು ಕೇಳಬೇಕಾದ ಮಾತನ್ನ ಬ್ಯಾಂಕಿನ ಡೈರೆಕ್ಟರುಗಳೆಲ್ಲ ಕೇಳಿದ್ರು. ನಾನೊಬ್ನೇ ಕೇಳ್ಲಿಲ್ಲ."

ಪೂರ್ಣಿಮಾ ಸೆರಗು ಸರಿಮಾಡಿಕೊಂಡು, ಸಭೆಯಲ್ಲಿ ನಿಂತಂತೆಯೇ ನೆಟ್ಟಗೆ ನಿಂತಳು. ಈ ಸಲ ದನಿ ನಡುಗಿತು.

"ನಾನು ನಿಮ್ಮನ್ನೇ ಮದುವೆ ಆಗೂದು... ನಿಮ್ಮ ವಿರೋಧ ಇದ್ರೆ ಈಗ್ಲೇ ಹೇಳಿ."

"ಇಲ್ಲ," ಎಂದ ರವಿಕಿರಣ. "ಇನ್ನೊಂದ್ಸಲ ಹೇಳಿ."