ಪೆಟ್ಟಿಗೆಯ ಕೊನೆಯ ಶೀಟು

“ಇದು ಚೆನ್ನಾಗೇ ಇದೆ. ಆದ್ರೆ ನಂದಲ್ಲ,” ಎಂದಳು ಜಿಗಣೆ.

ಅಣ್ಣನ ಮುಖ ಸಪ್ಪಗಾಯಿತು. ಅವನ ಕೈಯಲ್ಲಿದ್ದ ಫೋಟೋ ಆಗಷ್ಟೇ ಪ್ರಿಂಟರ್‌ನಿಂದ ಹೊರಬಂದಿತ್ತು. ಸೈಕಲ್ ರಿಪೇರಿ ಅಂಗಡಿಯಲ್ಲಿ ಅಪ್ಪ ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿರುವ ಕಪ್ಪು ಬಿಳುಪು ಫೋಟೋ. ಅತ್ತೆಯ ಹಳೇ ಫಿಲ್ಮ್ ಕ್ಯಾಮೆರಾದಲ್ಲಿ ಅದನ್ನು ತೆಗೆದವಳು ಜಿಗಣೆಯೇ.

“ನಂದಲ್ಲ ಅಂದ್ರೆ? ತೆಗ್ದಿದ್ದು ನೀನೇ ತಾನೆ?”

“ನಾಳೆ ಎಕ್ಸಿಬಿಷನ್‌ಗೆ ಎಲ್ಲಾ ನಾವೇ ಮಾಡಿರ್ಬೇಕು ಅಂತ ಟೀಚರ್ ಹೇಳಿದಾರೆ. ಇದು ನೀನು ನೆಗೆಟಿವ್ ಸ್ಕ್ಯಾನ್ ಮಾಡಿ ಬಟನ್ ಒತ್ತಿದ್ದು. ನಾನು ಡಾರ್ಕ್‌ರೂಮಲ್ಲಿ ಮಾಡ್ತೀನಿ.”

ಅವಳಿಗೆ ಜಿಗಣೆ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಹಿಡಿದದ್ದನ್ನು ಬಿಟ್ಟ ಉದಾಹರಣೆಯೇ ಇಲ್ಲ.

ಅವರಿದ್ದ ಫೋಟೋ ಸ್ಟುಡಿಯೋ ಅತ್ತೆಯದು. ಅವರು ಕಪಾಟಿನಿಂದ ಒಂದು ಕಪ್ಪು ಪೆಟ್ಟಿಗೆ ತೆಗೆದರು. “ಮೂರೇ ಶೀಟ್ ಫೋಟೋ ಪೇಪರ್ ಉಳಿದಿರೋದು ಕಣೇ. ಇನ್ನು ನಾನು ತರಿಸಲ್ಲ. ಕೆಂಪು ದೀಪ ಬಿಟ್ಟು ಬೇರೆ ಬೆಳಕು ತಾಗಿದ್ರೆ ಹಾಳಾಗುತ್ತೆ, ನೆನಪಿದೆ ತಾನೆ?”

“ರಜದಲ್ಲಿ ನೀವೇ ಕಲಿಸಿದ್ರಲ್ಲ ಅತ್ತೆ.”

ಜಿಗಣೆ ದಡದಡನೆ ಒಳಗೆ ಹೋದಳು. ಹುಟ್ಟುಹಬ್ಬದ ಹೊಸ ಶೂ ಹೆಜ್ಜೆಗೊಮ್ಮೆ ನೀಲಿಯಾಗಿ ಮಿನುಗಿತು. ಅದನ್ನು ಅವಳು ಬಿಚ್ಚುತ್ತಿದ್ದುದು ಮಲಗುವಾಗ ಮಾತ್ರ.

ಕೆಂಪು ದೀಪದಡಿ ಒಂದು ಶೀಟು ಇಟ್ಟು, ಮೇಲಿನ ಯಂತ್ರದಿಂದ ನೆಗೆಟಿವ್ ಮೂಲಕ ಬೆಳಕು ಬಿಟ್ಟಳು. ಅಪ್ಪನ ಮುಖ ನೆರಳಿನಲ್ಲಿತ್ತು. ಹಾಗೇ ಬಿಟ್ಟರೆ ಇದ್ದಿಲಿನಂತೆ ಕಪ್ಪಾಗುತ್ತದೆ. ಅದಕ್ಕೇ ಮುಖದ ಜಾಗಕ್ಕೆ ಸ್ವಲ್ಪ ಹೊತ್ತು ಅಂಗೈ ಅಡ್ಡ ಹಿಡಿದಳು. ಬೆಳಕು ಕಡಿಮೆ ಬಿದ್ದಷ್ಟೂ ಫೋಟೋ ಬೆಳ್ಳಗೆ ಬರುತ್ತದೆ. ಆಮೇಲೆ ಶೀಟನ್ನು ಆಚೆ ಬದಿಯಲ್ಲಿದ್ದ, ಚಿತ್ರ ಮೂಡಿಸುವ ಔಷಧಿಯ ಟ್ರೇಗೆ ಒಯ್ದು ಮುಳುಗಿಸಿದಳು.

ಅಪ್ಪ ಮೆಲ್ಲಗೆ ಮೂಡಿದರು. ಹಿಂದೆಯೇ ಬೂದು ಬಣ್ಣ ಮೂಡಿ ಅವರನ್ನು ಮುಚ್ಚಿಹಾಕಿತು.

ಎರಡನೇ ಶೀಟೂ ಹಾಗೇ ಆಯಿತು.

ಹೊರಗೆ ತಂದು ತೋರಿಸಿದಾಗ ಅತ್ತೆ ತಲೆ ಅಲ್ಲಾಡಿಸಿದರು. “ಹಳೇ ಪೇಪರ್, ಕೆಟ್ಟುಹೋಗಿರ್ಬೇಕು.”

“ನಂದು ರೆಡಿ ಇದೆಯಲ್ಲ. ಸುಮ್ನೆ ಯಾಕೆ ಹಠ?” ಎಂದ ಅಣ್ಣ.

ಜಿಗಣೆಗೆ ಅಳು ಒತ್ತರಿಸಿ ಬಂತು. ನುಂಗಿಕೊಂಡಳು. ಇನ್ನೊಂದೇ ಶೀಟು, ಅದೂ ಹೋದರೆ ಮುಗಿಯಿತು.

ಒಳಗೆ ಹೋಗಿ ಬಾಗಿಲು ಹಾಕಿ, ಕೆಂಪು ದೀಪವನ್ನೂ ಆರಿಸಿದಳು. ಎಲ್ಲಿಂದಲೋ ಬೆಳಕು ನುಸುಳುತ್ತಿರಬೇಕು. ನಿಂತಲ್ಲೇ ಕತ್ತು ತಿರುಗಿಸಿ ಬಾಗಿಲ ಸಂದಿ ನೋಡಿದಳು. ಕಿಟಕಿಯ ಪರದೆ ನೋಡಿದಳು. ಎಲ್ಲೂ ಒಂದು ಎಳೆ ಬೆಳಕಿಲ್ಲ. ರೇಗಿಹೋಗಿ ಕಾಲು ಅಪ್ಪಳಿಸಿದಳು.

ಕೋಣೆಯೆಲ್ಲ ನೀಲಿಯಾಯಿತು.

ಜಿಗಣೆ ಬಗ್ಗಿ ತನ್ನ ಕಾಲು ನೋಡಿಕೊಂಡಳು. “ಕಳ್ಳ ಇಲ್ಲೇ ಇದಾನಲ್ಲ,” ಎಂದು ಗೊಣಗಿ ಎರಡೂ ಶೂ ಕಿತ್ತು ಬಾಗಿಲಾಚೆ ಎಸೆದಳು. ಅಣ್ಣನಿಗೆ ತಲೆಬುಡ ಅರ್ಥವಾಗಲಿಲ್ಲ.

ಬಾಗಿಲು ಹಾಕಿ, ಮತ್ತೆ ಕೆಂಪು ದೀಪ ಹಚ್ಚಿ, ಬರಿಗಾಲಿನಲ್ಲಿ ನಿಂತು ಕೊನೆಯ ಶೀಟಿನ ಮೇಲೆ ಬೆಳಕು ಬಿಟ್ಟು ಅಂಗೈ ಅಡ್ಡ ಹಿಡಿದಳು. ಕೈ ಒಂಚೂರು ನಡುಗಿತು. ಟ್ರೇಯಲ್ಲಿ ಈ ಸಲ ಬೂದು ಬಣ್ಣ ಬರಲಿಲ್ಲ. ಅಪ್ಪ ಬಂದರು, ಟ್ಯೂಬು ಬಂತು, ನೀರಿನ ಗುಳ್ಳೆಗಳೂ ಬಂದವು. ಔಷಧಿಯ ಕೆಲಸವೆಲ್ಲ ಮುಗಿಸಿ, ತೊಳೆದು, ಒರೆಸಿ ಫೋಟೋ ಹಿಡಿದು ಓಡಿದಳು.

ಅಣ್ಣ ಕಂಪ್ಯೂಟರ್ ಮುಂದೆ ಕೂತಿದ್ದ. ಫೋಟೋ ನೋಡಿ, “ಅಪ್ಪನ ಕಿವಿ ಹತ್ರ ಬೆಳ್ಳಗೇನೋ ಆಗಿದೆ,” ಎಂದ.

“ಅದು ನನ್ನ ಕೈ ನಡುಗಿದ್ದು. ನೀನೇನ್ ಮಾಡ್ತಿದೀಯ?”

ಪರದೆಯ ತುಂಬ ಅಪ್ಪನ ಮುಖ ದೊಡ್ಡದಾಗಿತ್ತು. “ನೆಗೆಟಿವ್ ಮೇಲೆ ಧೂಳಿತ್ತು ಕಣೆ. ಬೆಳಿಗ್ಗೆಯಿಂದ ಒಂದೊಂದೇ ಚುಕ್ಕೆ ಅಳಿಸ್ತಾ ಕೂತಿದೀನಿ. ಮೂಗಿನ ಮೇಲೆ ಇನ್ನೊಂದು ಉಳ್ಕೊಂಡಿದೆ.”

ಜಿಗಣೆ ತನ್ನ ಫೋಟೋವನ್ನು ಕಣ್ಣಿನ ಹತ್ತಿರ ತಂದಳು. ಹೌದು, ಪುಟ್ಟ ಪುಟ್ಟ ಬಿಳಿ ಚುಕ್ಕೆಗಳು, ಲೆಕ್ಕವಿಲ್ಲದಷ್ಟು. ಅಣ್ಣನ ಪ್ರಿಂಟಿನಲ್ಲಿ ಮೂಗಿನ ಮೇಲಿನ ಒಂದನ್ನು ಬಿಟ್ಟರೆ ಅವು ಇರಲಿಲ್ಲ. ಬಟನ್ ಒತ್ತಿದ್ದು ಎಂದದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು.

ತನ್ನ ಫೋಟೋದ ಹಿಂದೆ ಪೆನ್ಸಿಲ್‌ನಲ್ಲಿ ತನ್ನ ಹೆಸರು ಬರೆದಳು. ಅಣ್ಣನ ಪ್ರಿಂಟನ್ನು ತಿರುಗಿಸಿ ಅವನ ಮುಂದಿಟ್ಟು, ಪೆನ್ಸಿಲ್ ಚಾಚಿದಳು.

“ಇದರ ಹಿಂದೆ ನಿನ್ನ ಹೆಸ್ರು ಬರಿ.”

“ನಾನ್ಯಾಕೆ?”

“ನಿಂದಲ್ವಾ?”

ಅಣ್ಣ ಅವಳನ್ನೇ ನೋಡಿ ಪೆನ್ಸಿಲ್ ತೆಗೆದುಕೊಂಡ. ಜಿಗಣೆ ಕುರ್ಚಿ ಎಳೆದು ಅವನ ಪಕ್ಕ ಕೂತು, ಅಪ್ಪನ ಮೂಗಿನ ಮೇಲಿನ ಚುಕ್ಕೆ ಎಲ್ಲಿದೆ ಎಂದು ಹುಡುಕತೊಡಗಿದಳು.