ಆರುನೂರು ಕಿಲೋಮೀಟರ್

ಅವನಿಗೆ ಎಂಟಾಣೆ ಎಂದು ಹೆಸರಿಟ್ಟವನು ಭಾವ, ಅಕ್ಕನ ಗಂಡ, ಟೈರಂಗಡಿಯ ಯಜಮಾನ. ಲಾರಿ ಟೈರಿಗೆ ಗಾಳಿ ತುಂಬುವಾಗ ಕಬ್ಬಿಣದ ರಿಂಗು ಚಿಮ್ಮಿ ಎಂಟಾಣೆಯ ಎಡಗೈಯ ಎರಡು ಬೆರಳು ಹೋಗಿದ್ದವು. ಅಂಥ ಟೈರನ್ನು ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬಬೇಕು. ಪಂಜರ ತರಿಸಿ ಎಂದು ಅವನು ಮೂರು ವರ್ಷ ಕೇಳಿದ್ದ. "ಜಾಗ ಎಲ್ಲಿದೆಯೋ? ನಿನ್ನ ತಲೆ ಮೇಲೆ ಇಡ್ಲಾ?" ಎಂದು ಭಾವ ಮೂರು ವರ್ಷವೂ ಅದೇ ಉತ್ತರ ಕೊಟ್ಟಿದ್ದ.

ಬೆರಳು ಹೋದ ಮೇಲೆ ಅದೇ ಭಾವ ಗಿರಾಕಿಗಳ ಮುಂದೆ, "ನಮ್ಮ ಬಾಮೈದನ ಗಮನ ಎಲ್ಲೋ ಇತ್ತು. ಎಂಟು ಉಳೀತು. ಈಗ ಪೂರ್ತಿ ರೂಪಾಯಿ ಅಲ್ಲ, ಎಂಟಾಣೆ" ಎನ್ನುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ಅವನೂ ನಗುತ್ತಿದ್ದ. ಒಂದೇ ತಮಾಷೆಗೆ ನಾಲ್ಕು ವರ್ಷ ನಕ್ಕು ಅವನ ದವಡೆ ನೋಯುತ್ತಿತ್ತು.

ದಾರಿ ತೋರಿಸಿದ್ದೂ ಭಾವನೇ. ತನ್ನ ಹಳೆಯ ಪಿಕಪ್ಪಿಗೆ ದೊಡ್ಡ ಟೈರು ಹಾಕಿಸಬೇಕೆಂಬ ಹುಚ್ಚು ಅವನಿಗೆ ಹತ್ತಿತು. ಎದುರಂಗಡಿಯ ವೆಲ್ಡರ್ ಹಾಕಿಸಿದ್ದನಂತೆ, ಗಾಡಿ ಆನೆಯ ಹಾಗೆ ಕಾಣುತ್ತದಂತೆ.

ದೊಡ್ಡ ಟೈರು ಕೇಳಿ ಬಂದವರಿಗೆ ಎಂಟಾಣೆ ಮಗ್ಗಿ ಒಪ್ಪಿಸಿದಂತೆ ಹೇಳುವ ನಾಲ್ಕು ಮಾತುಗಳಿದ್ದವು. ಸ್ಟೇರಿಂಗ್ ಬಿಗಿಯಾಗುತ್ತೆ, ಡೀಸೆಲ್ ಜಾಸ್ತಿ ಕುಡಿಯುತ್ತೆ, ಮೀಟರ್ ಕಡಿಮೆ ತೋರಿಸುತ್ತೆ, ತಿರುವಿನಲ್ಲಿ ಟೈರು ಒಳಗೆ ಉಜ್ಜುತ್ತೆ. ಭಾವನಿಗೂ ವೆಲ್ಡರನ ಎದುರೇ ಹೇಳಿದ. ಕೆಲಸದ ಚೀಟಿಯಲ್ಲಿ ನಾಲ್ಕನ್ನೂ ಬರೆದು, 'ಬೇಡವೆಂದರೂ ಮಾಲೀಕರ ಹಟ' ಎಂದು ಸೇರಿಸಿ ಭಾವನ ಸಹಿ ಹಾಕಿಸಿಕೊಂಡ. ಭಾವ ನಗುತ್ತಲೇ ಗೀಚಿದ. ಆ ನಾಲ್ಕನೆಯ ಮಾತು ಎಂಟಾಣೆಯ ತಲೆಯಲ್ಲಿ ವಾರವಿಡೀ ಸುತ್ತುತ್ತಿತ್ತು.

ಮುಂದಿನ ಚಕ್ರದ ಪಕ್ಕದಲ್ಲೇ ಬ್ರೇಕಿನ ರಬ್ಬರ್ ಪೈಪು ಹಾದುಹೋಗುತ್ತದೆ. ಅದನ್ನು ಹಿಡಿದಿಡುವ ಕ್ಲಿಪ್ಪು ಸ್ವಲ್ಪ ಸಡಿಲವಾದರೆ ಸಾಕು, ತಿರುವಿನಲ್ಲೆಲ್ಲ ಟೈರಿನ ಅಂಚು ಪೈಪನ್ನು ನೆಕ್ಕುತ್ತಾ ಹೋಗುತ್ತದೆ. ಪಿಕಪ್ಪು ಹಳೆಯದು, ಒಂದು ಪೈಪು ಹರಿದರೆ ನಾಲ್ಕು ಚಕ್ರದ ಬ್ರೇಕೂ ಹೋಗುವ ಕಾಲದ್ದು. ಅದರ ಕೈಬ್ರೇಕು ಹೆಸರಿಗಷ್ಟೇ, ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡಬೇಕು. ಪ್ರತಿ ಗುರುವಾರ ಭಾವ ಒಬ್ಬನೇ ಟೈರು ತರಲು ಗುಡ್ಡ ಇಳಿದು ಗೋದಾಮಿಗೆ ಹೋಗುತ್ತಿದ್ದ. ಇಳಿಜಾರು ಬಂದ ಕೂಡಲೇ ಡೀಸೆಲ್ ಉಳಿಸಲು ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಉರುಳಬಿಡುವುದು, ತಿರುವಿನಲ್ಲಿ ಬ್ರೇಕನ್ನು ಒದೆಯುವುದು ಅವನ ಅಭ್ಯಾಸ. ಉಳಿದದ್ದನ್ನು ಆ ಅಭ್ಯಾಸವೇ ಮಾಡುತ್ತದೆ. ವಿಚಾರಣೆಗೆ ಯಾರು ಬಂದರೂ ದೊಡ್ಡ ಟೈರು ಉಜ್ಜಿ ಪೈಪು ಹರಿಯಿತು ಎನ್ನುತ್ತಾರೆ. ಬೇಡವೆಂದು ಅಳಿಯದಂತೆ ಬರೆದಿಟ್ಟವನೊಬ್ಬನಿದ್ದಾನೆ, ಅಷ್ಟೇ.

ಎಂಟಾಣೆ ಅಂದಾಜಿನ ಮನುಷ್ಯನಲ್ಲ. ಒಂದು ನಟ್ಟನ್ನು ಬಿಗಿ ಮಾಡಿ, ಹತ್ತು ಹೆಜ್ಜೆ ಹೋಗಿ, ಮತ್ತೆ ಬಂದು ಮುಟ್ಟಿ ನೋಡುವವನು. ಅಂಗಡಿಯ ಜೀಪಿನ ಕ್ಲಿಪ್ಪು ಸಡಿಲಿಸಿ ಎರಡು ಸಲ ಪರೀಕ್ಷೆ ಮಾಡಿದ. ಅದೇ ಬಗೆಯ ಪೈಪು, ಅದೇ ಬೀದಿಗಳು, ಜೀಪಿಗೆ ಮೊದಲಿನಿಂದ ಇದ್ದ ಟೈರೇ. ಪೈಪಿನ ಒಳಪದರ ಕಾಣಿಸಿಕೊಂಡದ್ದು ಒಮ್ಮೆ ಆರುನೂರ ಹತ್ತಕ್ಕೆ, ಇನ್ನೊಮ್ಮೆ ಆರುನೂರ ನಲವತ್ತಕ್ಕೆ. ಆರುನೂರು ಕಿಲೋಮೀಟರ್‌ವರೆಗೆ ಭಯವಿಲ್ಲ, ಆಮೇಲೆ ಒಂದು ಗಟ್ಟಿ ಒದೆತ ಸಾಕು ಎಂದು ತೀರ್ಮಾನಿಸಿದ. ಪಿಕಪ್ಪಿಗೆ ದೊಡ್ಡ ಟೈರು ಹಾಕಿದ ದಿನ ಅದರ ಕ್ಲಿಪ್ಪನ್ನೂ ಸಡಿಲಿಸಿ ಮೀಟರನ್ನು ಸೊನ್ನೆಗೆ ತಿರುಗಿಸಿದ. ದಿನವೂ ಗಾಜು ಒರೆಸುವ ನೆವದಲ್ಲಿ ಇಣುಕಿ ನೋಡಿದ. ದಿನಕ್ಕೆ ನಲವತ್ತರ ಲೆಕ್ಕದಲ್ಲಿ ಆರುನೂರು ಸರಿಯಾಗಿ ಗುರುವಾರಕ್ಕೆ ಬರುತ್ತಿತ್ತು.

ಆದರೆ ಮಂಗಳವಾರ ಬೆಳಿಗ್ಗೆ ಭಾವ ಅಂಗಡಿಗೆ ಬಂದವನೇ ಕೀಲಿಗೊಂಚಲು ಕುಲುಕಿದ.

"ಹತ್ತೋ ಎಂಟಾಣೆ. ಗೋದಾಮಿಗೆ ಹೋಗಿ ಬರೋಣ."

"ಗುರುವಾರ ತಾನೇ ಭಾವ?"

"ಗುರುವಾರದ್ದು ಗುರುವಾರ. ಇವತ್ತಿಂದು ಬೇರೆ, ಒಬ್ಬನ ಕೈಲಿ ಎತ್ತಕ್ಕಾಗಲ್ಲ."

ಎಂಟಾಣೆ ಕೆಳಗಿದ್ದ ಟೈರಿನತ್ತ ಬಗ್ಗಿದ. ಅಂಗಡಿಯಲ್ಲಿ ಕೆಲಸವಿದೆ ಎಂದ. ಒಳಗಿನಿಂದ ಅಕ್ಕ, "ಹೋಗೋ, ಅವರಿಗೆ ಸೊಂಟ ನೋವು. ನೀನೇನು ಇಲ್ಲಿ ಬೆಟ್ಟ ಕಡೀತಿದ್ದೀಯಾ?" ಎಂದಳು. ಇನ್ನೂ ಹಿಂಜರಿದರೆ ನಾಳೆ ಯಾರಾದರೂ ಇದನ್ನು ನೆನಪಿಸಿಕೊಂಡಾರು. ಕಿಟಕಿಯಿಂದ ಮೀಟರು ನೋಡಿದ. ಐನೂರ ಇಪ್ಪತ್ತು. ಎಂಬತ್ತು ಬಾಕಿ. ಹೋಗಿ ಬರಲು ಹೆಚ್ಚೆಂದರೆ ಎಪ್ಪತ್ತು. ಎರಡು ಸಲ ಕೂಡಿ ನೋಡಿದ, ಆಮೇಲೆ ಹತ್ತಿ ಕುಳಿತ.

ಗಾಡಿ ಎತ್ತರವಾಗಿತ್ತು. ಅವನ ಕಡೆಯ ಬಾಗಿಲಿನ ಒಳಗಿನ ಹಿಡಿ ಮುರಿದು ವರ್ಷವಾಗಿತ್ತು, ಹೊರಗಿನಿಂದಲೇ ಯಾರಾದರೂ ತೆಗೆಯಬೇಕು. ಭಾವ ಊರು ದಾಟುವವರೆಗೂ ಏನೋ ಗುನುಗುತ್ತಿದ್ದ.

"ಏನು ತರಕ್ಕೆ ಹೋಗ್ತಿದ್ದೀವಿ ಅಂತ ಕೇಳಲ್ವಾ?"

"ಏನು ಭಾವ?"

"ಪಂಜರ."

ಎಂಟಾಣೆ ತನ್ನ ಎಡಗೈ ನೋಡಿಕೊಂಡ.

"ನಿನ್ನಕ್ಕ ನಾಲ್ಕು ವರ್ಷದಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ ಕಣೋ. ನಿಂಗೇನು ಗೊತ್ತು." ಭಾವ ರಸ್ತೆಯನ್ನೇ ನೋಡುತ್ತಿದ್ದ. "ಜಾಗ ಮಾಡಿದ್ದೀನಿ. ಹಿಂದಿನ ಗೋಡೆ ಒಡೆಸ್ತೀನಿ. ತಪ್ಪು ನಂದೇ. ಎಂಟು ಎಂಟೇ ಇರಲಿ, ಏಳಾಗೋದು ಬೇಡ."

ಅದು ಕ್ಷಮೆ ಕೇಳಿದ್ದೋ ಅದೇ ಹಳೆಯ ತಮಾಷೆಯೋ ಅವನಿಗೆ ತಿಳಿಯಲಿಲ್ಲ. ಆದರೂ ನಾಲ್ಕು ವರ್ಷ ಬಿಗಿ ಹಿಡಿದಿದ್ದ ದವಡೆ ತಾನಾಗಿ ಸಡಿಲವಾಯಿತು. ಕ್ಲಿಪ್ಪನ್ನು ಮೊದಲಿನಂತೆ ಕೂರಿಸಿ ಹೊಸ ಪೈಪು ಹಾಕಲು ಅರ್ಧ ಗಂಟೆ ಸಾಕು. ಸಂಜೆ ಅಂಗಡಿ ಮುಟ್ಟಿದಾಗಲೂ ಮೀಟರು ಐನೂರ ತೊಂಬತ್ತು ತೋರಿಸುತ್ತಿರುತ್ತದೆ. ಇನ್ನೂ ಹತ್ತು ಕಿಲೋಮೀಟರ್ ಉಳಿದಿರುತ್ತದೆ. ಭಾವನಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಅವನು ಬೆನ್ನನ್ನು ಸೀಟಿಗೆ ಒರಗಿಸಿದ.

ಗುಡ್ಡದ ನೆತ್ತಿ ಬಂತು. ರಸ್ತೆ ಮುಂದಕ್ಕೆ ಬಾಗಿ ಕೆಳಗಿಳಿಯಿತು. ಭಾವ ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿದ, ಇಂಜಿನ್ನಿನ ಸದ್ದು ಸಣ್ಣದಾಯಿತು, ಗಾಡಿ ಉರುಳತೊಡಗಿತು.

"ನೀನು ಹೇಳಿದ್ದು ನಿಜ ಕಣೋ, ಆ ಚೀಟೀಲಿ ಬರೆದಿದ್ದು," ಎಂದು ಭಾವ ಪಕ್ಕದ ಮೈಲಿಗಲ್ಲಿನತ್ತ ಗದ್ದ ತೋರಿಸಿದ. "ನಮ್ಮೂರಿಂದ ಇಲ್ಲಿಗೆ ಇಪ್ಪತ್ತಮೂರು ಅಂತಿದೆ ಕಲ್ಲು. ನಿನ್ನ ಮೀಟರು ಬರೀ ಇಪ್ಪತ್ತು ಓಡಿದೆ. ದೊಡ್ಡ ಟೈರು ಅದಕ್ಕೂ ಸುಳ್ಳು ಹೇಳೋದು ಕಲಿಸಿಬಿಡ್ತು." ಮಗ್ಗಿಯ ಮೂರನೆಯ ಸಾಲು. ನೂರಾರು ಜನರಿಗೆ ಹೇಳಿದ್ದು, ತನ್ನ ಕೈಯಾರೆ ಬರೆದದ್ದು. ಚಕ್ರ ಎಷ್ಟು ಸುತ್ತು ಸುತ್ತಿತು ಎಂಬುದಷ್ಟೇ ಮೀಟರಿಗೆ ಗೊತ್ತು. ಪೈಪು ಸವೆಯುವುದು ರಬ್ಬರು ಓಡಿದ ದೂರಕ್ಕೆ. ಇಪ್ಪತ್ತಕ್ಕೆ ಇಪ್ಪತ್ತಮೂರಾದರೆ ಐನೂರ ನಲವತ್ತಕ್ಕೆ ಆರುನೂರ ಇಪ್ಪತ್ತೊಂದು. ಅವನು ಇನ್ನೊಮ್ಮೆ ಗುಣಿಸಲು ಹೋಗಲಿಲ್ಲ. ಗಾಡಿ ವೇಗ ಹಿಡಿದಿತ್ತು, ಮೊದಲ ತಿರುವು ಕಾಣುತ್ತಿತ್ತು. ಭಾವಾ ನಿಲ್ಲಿಸಿ ಎಂದು ಕೂಗಲು ಬಾಯಿ ತೆರೆದವನಿಗೆ, ನಿಲ್ಲಿಸಬೇಕಾದರೆ ಭಾವ ಏನನ್ನು ಒದೆಯಬೇಕು ಎಂಬುದು ಹೊಳೆಯಿತು. "ಯಾಕೋ, ಮುಖ ಹಂಗಾಗಿದೆ? ಹೆದರ್ಬೇಡ, ನಾನಿದ್ದೀನಲ್ಲ," ಎನ್ನುತ್ತಾ ಭಾವ ಬಲಗಾಲನ್ನು ಎತ್ತಿದ.